ಹೆಜ್ಜೇನು ಕಚ್ಚಿದ ಎರಡನೆಯ ದಿನ

ಆ ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ನನ್ನ ಮೇಜಿನ ಮೇಲೆ ಒಟ್ಟಿಗೆ ಎರಡು ರಕ್ತದ ಟ್ಯೂಬುಗಳು ಬಂದವು. ಎರಡರ ಚೀಟಿಯ ಮೇಲೂ ‘ಹೆಜ್ಜೇನು ಕಡಿತ’ ಎಂದೇ ಬರೆದಿತ್ತು. ಒಂದು ಐವತ್ತು ದಾಟಿದ ಪ್ರೈಮರಿ ಶಾಲೆಯ ಟೀಚರ್ ಒಬ್ಬರದು. ಅವರಿಗೆ ಕಚ್ಚಿದ್ದು ಒಂದೇ ಒಂದು ಹುಳ. ಇನ್ನೊಂದು ತೆಂಗಿನಕಾಯಿ ಸುಲಿಯುವ ಕೆಲಸದ, ನಲವತ್ತರ ಆಸುಪಾಸಿನ ಗಂಡಸಿನದು. ಆತನಿಗೆ ಎಷ್ಟು ಕಚ್ಚಿವೆ ಎಂದು ಆಗಿನ್ನೂ ಯಾರೂ ಎಣಿಸಿರಲಿಲ್ಲ.

ನಾನು ತಿಪಟೂರು ಕಡೆಯ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್. ಟ್ಯೂಬುಗಳನ್ನು ರಕ್ತದ ತಿಳಿ ಬೇರೆ ಮಾಡುವ ಸೆಂಟ್ರಿಫ್ಯೂಜಿಗೆ ಹಾಕಿ ಗುಂಡಿ ಒತ್ತುವಷ್ಟರಲ್ಲಿ ಸ್ಟಾಫ್ ನರ್ಸ್ ಬಾಗಿಲಿಗೆ ಬಂದಳು.

“ಅಕ್ಕಾ, ಅದು ತಿರುಗೋವಷ್ಟು ಹೊತ್ತು ಬನ್ನಿ. ಮೈತುಂಬ ಮುಳ್ಳಿದೆ, ನಾನೊಬ್ಳೇ ತೆಗೀತಾ ಇದೀನಿ.”

ವಾರ್ಡಿಗೆ ಹೋದೆ. ಅಲ್ಲಿ ಕಂಡದ್ದು ನಾನು ಮನಸ್ಸಿನಲ್ಲಿ ಅಂದುಕೊಂಡಿದ್ದಕ್ಕೆ ತಿರುಗುಮುರುಗಾಗಿತ್ತು. ಒಂದೇ ಹುಳ ಕಚ್ಚಿದ್ದ ಟೀಚರ್ ಕಾಲು ಮೇಲೆತ್ತಿದ ಮಂಚದಲ್ಲಿ ಬಿಳಚಿಕೊಂಡು ಮಲಗಿದ್ದರು. ಮೂಗಿಗೆ ಆಕ್ಸಿಜನ್. ಬಂದಾಗ ಬಿಪಿ ಮೆಷಿನ್‌ಗೆ ಏನೂ ಸಿಕ್ಕಿರಲಿಲ್ಲವಂತೆ. ಡ್ಯೂಟಿ ಡಾಕ್ಟರು, ಇನ್ನೂ ಮೂವತ್ತಾಗದ ಹುಡುಗ, ಅವರ ತೊಡೆಗೆ ಅಡ್ರಿನಲಿನ್ ಚುಚ್ಚಿದ್ದರು. ಅದು ಸಾಲದೆ ಐದು ನಿಮಿಷ ಬಿಟ್ಟು ಇನ್ನೊಂದು ಚುಚ್ಚಿ, ಮಂಚದ ಪಕ್ಕದಲ್ಲೇ ನಿಂತಿದ್ದರು. ಪಕ್ಕದ ಮಂಚದಲ್ಲಿ ಕಾಯಿ ಸುಲಿಯುವ ಮನುಷ್ಯ ಅಂಗಿ ಬಿಚ್ಚಿ ಎದ್ದು ಕೂತಿದ್ದ. ಕಣ್ಣು ಊದಿ ಎರಡು ಗೀರಿನಷ್ಟೇ ಉಳಿದಿದ್ದವು. ಬೆನ್ನು, ಕತ್ತು, ತಲೆ, ಕಿವಿ ಎಲ್ಲ ಕಡೆ ಕಪ್ಪು ಚುಕ್ಕೆಗಳ ಹಾಗೆ ಮುಳ್ಳು. ಆದರೂ ಆತ ಮಾತಾಡುತ್ತಲೇ ಇದ್ದ.

“ಹುಣ್ಸೆಮರದಾಗಿತ್ತು ಕಣಮ್ಮ, ಮೊರದಗಲ ಇತ್ತು ಗೂಡು. ಯಾವನೋ ಕೆಳಗಡೆ ಮಟ್ಟೆ ಗುಡ್ಡೆಗೆ ಬೆಂಕಿ ಇಕ್ಬುಟ್ಟವ್ನೆ. ಹೊಗೆ ಮ್ಯಾಲಕ್ಕೋಯ್ತು. ನಾನು ಸುಲೀತಾ ಕುಂತಿದ್ದೆ, ಬಗ್ಗಿದ್ ತಲೆ ಎತ್ತೋ ವತ್ಗೆ ಮೈಮ್ಯಾಲಿದ್ವು. ತೋಟದ್ ಆ ತುದೀಗಂಟ ಓಡ್ದೆ. ಬುಡ್ಲೇ ಇಲ್ಲ.”

ಅರಳಗುಪ್ಪೆ ರಸ್ತೆಯ ಬದಿಯ ತೋಟ ಅದು. ಟೀಚರ್ ಪಾಪ, ಯಾವುದೋ ಮೀಟಿಂಗಿಗೆಂದು ಸ್ಕೂಟರಿನಲ್ಲಿ ಅದೇ ರಸ್ತೆಯಲ್ಲಿ ಹೋಗುತ್ತಿದ್ದವರು. ಕಿವಿಯ ಹಿಂದೆ ಒಂದು ಕಚ್ಚಿತು. ಇನ್ನೂರು ಅಡಿ ಮುಂದೆ ಹೋಗುವಷ್ಟರಲ್ಲಿ ಕಣ್ಣು ಕತ್ತಲಾಗಿ ಗಾಡಿ ನಿಲ್ಲಿಸಿ ಕೂತುಬಿಟ್ಟರಂತೆ. ತೋಟದ ಯಜಮಾನರು ಇಬ್ಬರನ್ನೂ ತಮ್ಮ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ತಂದಿದ್ದರು.

ನಾನೂ ನರ್ಸೂ ಒಂದು ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಮುಳ್ಳು ಕೆರೆದು ಟ್ರೇಗೆ ಹಾಕತೊಡಗಿದೆವು. ಹಿಂಡಿದರೆ ವಿಷ ಒಳಗೆ ಹೋಗುತ್ತದೆ ಎಂದು ಕೇಳಿದ್ದ ನಾನು ಹೆದರುತ್ತಲೇ ಕೆರೆಯುತ್ತಿದ್ದೆ. ಡಾಕ್ಟರು ತಿರುಗಿ ನೋಡಿ, “ಈಗ ಹೇಗೆ ತೆಗೆದ್ರೂ ಒಂದೇ ಮೇಡಂ. ವಿಷದ ಚೀಲ ಒಂದೆರಡು ನಿಮಿಷಕ್ಕೇ ಖಾಲಿ ಆಗಿರುತ್ತೆ. ಕಚ್ಚಿದ ತಕ್ಷಣ ತೆಗೆದಿದ್ರೆ ಪ್ರಯೋಜನ ಇತ್ತು. ಎಷ್ಟಿದೆ ಅಂತ ಮಾತ್ರ ಎಣಿಸಿ” ಎಂದರು. ಇನ್ನೂರ ಹನ್ನೊಂದರವರೆಗೆ ಎಣಿಸಿದೆವು. ಕೂದಲೊಳಗೆ ಇನ್ನೂ ಉಳಿದಿದ್ದವು. ಅಲ್ಲಿಗೆ ಬಿಟ್ಟೆವು.

ಲ್ಯಾಬಿಗೆ ಬಂದು ಇಬ್ಬರ ರಕ್ತವನ್ನೂ ನೋಡಿದೆ. ಇನ್ನೂರ ಹನ್ನೊಂದು ಮುಳ್ಳಿನವನ ಹಿಮೋಗ್ಲೋಬಿನ್ ಚೆನ್ನಾಗಿತ್ತು, ಸಕ್ಕರೆ ಸರಿಯಿತ್ತು, ಕಿಡ್ನಿ ಹೇಗಿದೆ ಎಂದು ಹೇಳುವ ಕ್ರಿಯಾಟಿನಿನ್ ಒಂದು. ಅಂದರೆ ನನಗೂ ನಿಮಗೂ ಇರುವಷ್ಟೇ. ಟೀಚರದೂ ಅಷ್ಟೇ. ಒಂದೇ ಕಾರಣಕ್ಕೆ ಬಂದ ಇಬ್ಬರಲ್ಲಿ ಒಬ್ಬರು ಸಾಯುವ ಹಾಗಿದ್ದರು, ಒಬ್ಬ ಟೀ ಕೇಳುತ್ತಿದ್ದ. ರಕ್ತ ನೋಡಿದರೆ ಇಬ್ಬರಿಗೂ ಏನೂ ಆಗಿರಲಿಲ್ಲ.

ಸಂಜೆಯ ಹೊತ್ತಿಗೆ ಟೀಚರ್ ಚೇತರಿಸಿಕೊಂಡು ಮಗಳ ಜೊತೆ ಫೋನಿನಲ್ಲಿ ಮಾತಾಡುವಂತಾದರು. ನಾನು ಮನೆಗೆ ಹೊರಡುವ ಮುಂಚೆ ಡಾಕ್ಟರನ್ನು ಕೇಳಿದೆ.

“ಸರ್, ಇದೇನಿದು? ಒಂದು ಕಚ್ಚಿದೋರಿಗೆ ಹಂಗೆ, ಇನ್ನೂರು ಕಚ್ಚಿದೋನಿಗೆ ಹಿಂಗೆ?”

“ಟೀಚರಿಗೆ ಆಗಿದ್ದು ವಿಷದಿಂದ ಅಲ್ಲ ಮೇಡಂ, ಅಲರ್ಜಿಯಿಂದ. ಅವರ ದೇಹವೇ ಗಾಬರಿ ಬಿದ್ದು ಮಾಡ್ಕೊಂಡಿದ್ದು. ಅದಕ್ಕೆ ಒಂದು ಹುಳ ಸಾಕು. ಜೊತೆಗೆ ಅವರು ತಗೊಳ್ಳೋ ಬಿಪಿ ಮಾತ್ರೆ ಇಂಜೆಕ್ಷನ್‌ನ ಅಷ್ಟು ಬೇಗ ಕೆಲಸ ಮಾಡೋಕೆ ಬಿಡ್ಲಿಲ್ಲ. ಇವನಿಗೆ ಅಲರ್ಜಿ ಇಲ್ಲ.”

“ಮತ್ತೆ ವಿಷ?”

“ಅದು ತೂಕದ ಮೇಲೆ. ಮಗು ಆಗಿದ್ರೆ ಇದರಲ್ಲಿ ಕಾಲುಭಾಗ ಕಚ್ಚಿದ್ರೂ ನಾನು ಹೆದರ್ತಿದ್ದೆ. ಇವನು ಎಪ್ಪತ್ತು ಕೆ.ಜಿ. ಇದಾನೆ. ನಿಮ್ಮ ರಿಪೋರ್ಟೇ ನಾರ್ಮಲ್ ಅಂತ ಹೇಳ್ತಿದೆಯಲ್ಲ.”

ನನ್ನ ರಿಪೋರ್ಟು ಹೇಳುತ್ತಿದ್ದುದು ನಿಜ. ಸಮಾಧಾನವಾಗಿ ಮನೆಗೆ ಹೋದೆ. ದಾರಿಯುದ್ದಕ್ಕೂ ಜನ ಅದನ್ನೇ ಮಾತಾಡುತ್ತಿದ್ದರು. ಬಸ್‌ಸ್ಟಾಪಿನಲ್ಲಿ ಒಬ್ಬರು, “ಅವ್ನ್ ಮೈಗೆ ವಿಷ ತಾಗಕಿಲ್ವಂತೆ ಕಣ್ರೀ” ಎಂದು ಹೇಳುತ್ತಿದ್ದರು.

ಮಾರನೆಯ ದಿನ ಗರ್ಭಿಣಿಯರ ತಪಾಸಣೆ. ಬೆಳಿಗ್ಗೆ ಒಂಬತ್ತಕ್ಕೇ ನನ್ನ ಕಿಟಕಿಯ ಮುಂದೆ ಸಾಲು. ಇಪ್ಪತ್ತೆರಡು ಜನರ ರಕ್ತ, ಇಪ್ಪತ್ತೆರಡು ಮೂತ್ರದ ಬಾಟಲಿ. ಅದರ ನಡುವೆ ವಾರ್ಡಿನಿಂದ ಕಾಯಿ ಸುಲಿಯುವವನ ಬೆಳಗಿನ ರಕ್ತವೂ ಮೂತ್ರವೂ ಬಂದು ಕೂತಿದ್ದವು. ಸರದಿಯಲ್ಲಿ ಅದನ್ನು ಕೈಗೆತ್ತಿಕೊಂಡಾಗ ಹನ್ನೊಂದು ಗಂಟೆ.

ಬಾಟಲಿ ಎತ್ತಿ ಬೆಳಕಿಗೆ ಹಿಡಿದೆ. ನೀರು ಹೆಚ್ಚು ಹಾಕಿದ ಕಾಫಿ ಡಿಕಾಕ್ಷನ್ನಿನ ಬಣ್ಣ. ಪಟ್ಟಿ ಅದ್ದಿದೆ. ಮೂತ್ರದಲ್ಲಿ ರಕ್ತವಿದ್ದರೆ ಬಣ್ಣ ಬದಲಾಗುವ ಚೌಕವೊಂದು ಆ ಪಟ್ಟಿಯಲ್ಲಿರುತ್ತದೆ. ಹಳದಿಯಾಗಿದ್ದದ್ದು ನೋಡನೋಡುತ್ತಿದ್ದಂತೆ ಹಸಿರಾಗಿ, ಒಂದು ನಿಮಿಷದೊಳಗೆ ಕಡುನೀಲಿಯಾಯಿತು. ತುಂಬ ರಕ್ತ ಎಂದು ಅದರ ಅರ್ಥ. ಸರಿ, ಕೆಂಪು ಕಣ ಎಷ್ಟಿವೆ ನೋಡೋಣ ಎಂದು ಮೂತ್ರವನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತಳದಲ್ಲಿ ಕೂತದ್ದನ್ನು ಸ್ಲೈಡಿಗೆ ಹಾಕಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ.

ಒಂದು ಕೆಂಪು ಕಣವೂ ಇರಲಿಲ್ಲ.

ಸ್ಲೈಡನ್ನು ಆ ಕಡೆಯಿಂದ ಈ ಕಡೆಗೆ ಸರಿಸಿ ನೋಡಿದೆ. ಕಂದು ಬಣ್ಣದ, ಮುರಿದ ಕೊಳವೆಯಂಥ ತುಂಡುಗಳು ಅಲ್ಲಲ್ಲಿ ಬಿದ್ದಿದ್ದವು. ರಕ್ತ ಮಾತ್ರ ಇಲ್ಲ. ಪಟ್ಟಿಯ ಪ್ರಕಾರ ತುಂಬ ರಕ್ತ, ಕಣ್ಣಿನ ಪ್ರಕಾರ ಸೊನ್ನೆ.

ಮೊದಲು ಬಂದ ಅನುಮಾನ ಪಟ್ಟಿಯ ಮೇಲೆ. ಡಬ್ಬಿಯ ತಾರೀಖು ನೋಡಿದೆ, ಇನ್ನೂ ಅವಧಿ ಇತ್ತು. ಅದೇ ಡಬ್ಬಿಯ ಪಟ್ಟಿಗಳಲ್ಲಿ ಬೆಳಗಿನಿಂದ ಅಷ್ಟೂ ಗರ್ಭಿಣಿಯರ ಮೂತ್ರ ನೋಡಿದ್ದೆ, ಒಂದರಲ್ಲೂ ರಕ್ತ ತೋರಿಸಿರಲಿಲ್ಲ. ಹೊಸ ಡಬ್ಬಿ ಒಡೆದು ಅದ್ದಿದೆ. ಮತ್ತೆ ಕಡುನೀಲಿ. ಹಾಗಾದರೆ ಕೆಂಪು ಕಣಗಳು ದೇಹದೊಳಗೇ ಒಡೆದು, ಅವುಗಳ ಬಣ್ಣ ಮಾತ್ರ ಇಳಿದು ಬರುತ್ತಿರಬೇಕು ಎಂದುಕೊಂಡೆ. ಹಾಗಿದ್ದಿದ್ದರೆ ಆತನ ರಕ್ತದ ಮೇಲ್ಭಾಗದಲ್ಲಿ ನಿಲ್ಲುವ ತಿಳಿ, ಅಂದರೆ ಸೀರಮ್, ಕೆಂಪಗಿರಬೇಕಿತ್ತು. ಟ್ಯೂಬು ಎತ್ತಿ ನೋಡಿದೆ. ಚಂದದ ತಿಳಿ ಹಳದಿ.

ಕ್ರಿಯಾಟಿನಿನ್ ಹಾಕಿದೆ. ನಿನ್ನೆ ಒಂದು ಇದ್ದದ್ದು ಇವತ್ತು ಒಂದೂಮುಕ್ಕಾಲು. ಡಾಕ್ಟರು ಲಿವರ್ ಪರೀಕ್ಷೆಯನ್ನೂ ಬರೆದಿದ್ದರು. ಅದರಲ್ಲಿ ಒಂದು ಎನ್‌ಜೈಮು ಮೆಷಿನ್ನಿನ ಅಳತೆಯನ್ನೇ ಮೀರಿತು. ಸೀರಮನ್ನು ಹತ್ತು ಪಟ್ಟು ತೆಳು ಮಾಡಿ ಮತ್ತೆ ಓಡಿಸಬೇಕಾಯಿತು. ಲಿವರ್ ಅಷ್ಟು ಕೆಟ್ಟಿದ್ದರೆ ಅದರ ಜೋಡಿ ಎನ್‌ಜೈಮೂ ಅದೇ ಪ್ರಮಾಣದಲ್ಲಿ ಏರಬೇಕು. ಅದು ಸ್ವಲ್ಪವೇ ಏರಿತ್ತು. ಕಾಮಾಲೆಯ ಪರೀಕ್ಷೆ ಪೂರ್ತಿ ನಾರ್ಮಲ್. ಯಾವ ಎರಡು ಅಂಕಿಗಳೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಅಷ್ಟು ವರ್ಷ ಅದೇ ಮೇಜಿನ ಮುಂದೆ ಕೂತ ನನಗೆ ಆ ಗಳಿಗೆಯಲ್ಲಿ ಕೆಲಸವೇ ಗೊತ್ತಿಲ್ಲವೇನೋ ಅನ್ನಿಸಿತು. ಮೆಷಿನ್ ಸರಿಯಿದೆಯೇ ಎಂದು ನೋಡಲು ಇಟ್ಟಿರುವ ಕಂಟ್ರೋಲ್ ದ್ರಾವಣ ಓಡಿಸಿದೆ. ಮೆಷಿನ್ ಸರಿಯಾಗಿಯೇ ಇತ್ತು.

ವಾರ್ಡಿಗೆ ಓಡಿದೆ. ಮಂಚ ಖಾಲಿ.

“ಹೋದ್ನಲ್ಲ ಅಕ್ಕಾ” ಎಂದಳು ನರ್ಸ್. “ಟೀಚರನ್ನ ಕಳಿಸ್ತಿದ್ದ ಹಾಗೇ ತಾನೂ ಹೋಗ್ತೀನಿ ಅಂತ ಹಟ ಹಿಡ್ದ. ಇಪ್ಪತ್ನಾಲ್ಕು ಗಂಟೆ ಇರ್ಲಿ ಅಂದ್ರು ಡಾಕ್ಟ್ರು, ಕೇಳ್ಲಿಲ್ಲ. ನಿನ್ನೆ ರಿಪೋರ್ಟ್ ನೋಡಿ ಬರ್ಕೊಟ್ರು. ಒಂಬತ್ತೂವರೆ ಬಸ್ಸಿಗೆ ಹೋದ.”

ಡಾಕ್ಟರು ಹೆರಿಗೆ ಕೋಣೆಯಲ್ಲಿದ್ದರು. ಬಾಗಿಲು ಬಡಿದೆ. ಗ್ಲೌಸ್ ಹಾಕಿದ ಕೈಗಳನ್ನು ಮೇಲೆತ್ತಿಕೊಂಡೇ ಹೊರಗೆ ತಲೆ ಹಾಕಿದರು. ನಾನು ಅಂಕಿಗಳನ್ನು ಹೇಳಿದೆ. ಅವರ ಮುಖದಲ್ಲೂ ಗೊಂದಲ.

“ರಕ್ತ ಎಳೆಯುವಾಗ ಕಣ ಒಡೆದಿರ್ಬೇಕು. ರಿಪೀಟ್ ಮಾಡಿ.”

“ಸೀರಮ್ ತಿಳಿಯಾಗಿದೆ ಸರ್.”

“ಮತ್ತೆ ಮೂತ್ರದಲ್ಲಿ ರಕ್ತ ಅಂತೀರಿ, ಕಣ ಇಲ್ಲ ಅಂತೀರಿ. ಎರಡರಲ್ಲಿ ಒಂದು ತಪ್ಪಿರ್ಬೇಕಲ್ಲ?”

ನನಗೂ ಹಾಗೇ ಅನ್ನಿಸುತ್ತಿತ್ತು. ಒಳಗಿನಿಂದ ಆಯಾ ಕರೆದಳು, ಅವರು ಹೋದರು. ನಾನು ಬಂದು ಎಲ್ಲವನ್ನೂ ಮೊದಲಿನಿಂದ ಮಾಡಿದೆ. ಮುಕ್ಕಾಲು ಗಂಟೆ ಹಿಡಿಯಿತು. ಒಂದು ಅಂಕಿಯೂ ಅಲ್ಲಾಡಲಿಲ್ಲ. ಹೆರಿಗೆ ಮುಗಿಸಿ ಬಂದ ಡಾಕ್ಟರು ಚೀಟಿ ನೋಡಿದರು. “ಕಿಡ್ನಿ ಸ್ವಲ್ಪ ಏರಿದೆ. ಬಿಸಿಲು, ನೀರು ಕುಡಿದಿರಲ್ಲ. ಫೋನ್ ಮಾಡಿ, ಮತ್ತೆ ಬರೋಕೆ ಹೇಳಿ” ಎಂದರು.

ರಿಜಿಸ್ಟರಿನಲ್ಲಿದ್ದ ನಂಬರು ತೋಟದ ಯಜಮಾನರದು. ಅವರು ನಗುತ್ತಲೇ ಮಾತಾಡಿದರು. “ಅವ್ನು ಚೆನ್ನಾಗವ್ನೆ ಕಣಮ್ಮ, ಈಗ್ಲೇ ನೋಡ್ಕಂಡ್ ಬಂದೆ. ಮೈಕೈ ನೋವು ಅಂತ ಮಲಗವ್ನೆ, ಅಷ್ಟೇ. ನಾನ್ ಹೇಳ್ತೀನಿ ಬುಡಿ, ನಾಳೆಗೋ ನಾಡಿದ್ದಿಗೋ ಬತ್ತಾನೆ.”

ಫೋನ್ ಇಟ್ಟು ಮೇಜಿನ ಮುಂದೆ ಕೂತೆ. ನನ್ನ ಕೆಲಸ ಅಂಕಿ ಬರೆದು ಕೊಡುವುದು. ಅದರ ಅರ್ಥ ಹೇಳುವುದು ಡಾಕ್ಟರ ಕೆಲಸ. ಬರೆದು ಕೊಟ್ಟಾಗಿತ್ತು, ಅವರೂ ಹೇಳಿದ್ದಾಗಿತ್ತು, ಫೋನೂ ಮಾಡಿದ್ದಾಗಿತ್ತು. ಇನ್ನೇನು? ಆದರೆ ಕಣ್ಣೆದುರಿಗೆ ಆ ಬಾಟಲಿ ಇತ್ತು. ಅದರಲ್ಲಿರುವುದು ರಕ್ತವಲ್ಲದಿದ್ದರೆ ಏನು? ಅದು ನನಗೆ ಗೊತ್ತಿರಲಿಲ್ಲ. ಡಾಕ್ಟರಿಗೂ ಆ ಹೊತ್ತಿಗೆ ಹೊಳೆದಿರಲಿಲ್ಲ. ಇಬ್ಬರಿಗೂ ಗೊತ್ತಿಲ್ಲದ್ದನ್ನು ನಾಡಿದ್ದಿನವರೆಗೆ ಬಿಡುವುದು ಸರಿಯೆನಿಸಲಿಲ್ಲ. ಹಾಗೆಂದು ಹೋಗಿ ಕರೆದು ತಂದರೆ? ಕೊನೆಗೆ ನಾನೇ ಏನೋ ತಪ್ಪು ಮಾಡಿದ್ದೆ ಎಂದಾದರೆ, ಊರೆಲ್ಲ ನಗುತ್ತದೆ.

ಎರಡು ಗಂಟೆಗೆ ಎದ್ದೆ. ಒಂದು ಖಾಲಿ ಬಾಟಲಿ ಬ್ಯಾಗಿಗೆ ಹಾಕಿಕೊಂಡು ಡಾಕ್ಟರ ಕೋಣೆಗೆ ಹೋದೆ.

“ಸರ್, ನಾನೇ ಹೋಗಿ ನೋಡ್ಕೊಂಡು ಬರ್ತೀನಿ. ಹನ್ನೊಂದು ಕಿಲೋಮೀಟರ್. ಇನ್ನೊಂದು ಸ್ಯಾಂಪಲ್ ತರ್ತೀನಿ.”

ಅವರು ಊಟದ ಡಬ್ಬಿ ಮುಚ್ಚಿದರು. “ಹೋಗಿ ಏನಂತ ಹೇಳ್ತೀರಾ ಮೇಡಂ?”

“ಗೊತ್ತಿಲ್ಲ ಸರ್.”

ಬೇಡ ಎನ್ನಲಿಲ್ಲ. ನಾನು ಬಾಗಿಲ ಹತ್ತಿರ ಬಂದಾಗ, “ಎಷ್ಟು ಸಲ ಮೂತ್ರಕ್ಕೆ ಹೋದ ಅಂತ ಕೇಳಿ” ಎಂದರು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹೆಜ್ಜೇನು ಕಚ್ಚಿದವನ ಮನೆ ಎಂದರೆ ಊರಿಗೆ ಊರೇ ಕೈ ತೋರಿಸಿತು. ಆತ ಜಗಲಿಯ ಮೇಲೆ ಚಾಪೆಯಲ್ಲಿ ಒರಗಿದ್ದ. ಜೊತೆಯಲ್ಲಿ ಕಾಯಿ ಸುಲಿಯುವ ನಾಲ್ಕೈದು ಜನ ಕೆಲಸ ಬಿಟ್ಟು ಬಂದು ಕೂತಿದ್ದರು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

“ಬನ್ನಿ ಮೇಡಮ್ಮಾರೆ, ಕೂತ್ಕಳಿ. ಏನ್ ಇಲ್ಲೀಗಂಟ ಬಂದ್ರಿ?” ಎಂದ.

ಅಷ್ಟು ಜನರ ಮುಂದೆ ಹೇಗೆ ಹೇಳುವುದೆಂದು ತೋಚದೆ ನೇರವಾಗಿಯೇ ಹೇಳಿಬಿಟ್ಟೆ. “ಇನ್ನೊಂದ್ಸಲ ಮೂತ್ರ ಬೇಕಾಗಿತ್ತು.”

ಜಗಲಿಯ ಮೇಲಿದ್ದವರಲ್ಲಿ ಒಬ್ಬ ಗೊಳ್ಳೆಂದು ನಕ್ಕ. “ಮನೇಗಂಟ ಬಂದು ಉಚ್ಚೆ ಕೇಳೋ ಆಸ್ಪತ್ರೆ ಇವತ್ತೇ ನೋಡಿದ್ದು ಕಣ್ಲಾ!”

ಎಲ್ಲರೂ ನಕ್ಕರು. ಆತನೂ ಊದಿದ ತುಟಿಯಲ್ಲೇ ನಕ್ಕ. “ಏನೂ ಆಗಕಿಲ್ಲ ಬುಡಿ. ಒಂದ್ ಹುಳ ಕಚ್ಚುದ್ ಟೀಚರಮ್ಮನ್ನೇ ಸತ್ತೋಯ್ತಾರೆ ಅಂದ್ರಿ. ಅವ್ರು ಆರಾಮಾಗಿ ಮನೇಗೋದ್ರು. ನಂಗೆ ಇನ್ನೂರು ಕಚ್ಚಿ ನಿನ್ನೇನೇ ಏನೂ ಆಗ್ಲಿಲ್ಲ. ಇವತ್ತೇನಾಯ್ತದೆ, ಹೇಳಿ?”

ಆತನ ಮಾತಿನಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ನಾನೂ ಬೆಳಗಿನಿಂದ ಅದನ್ನೇ ಯೋಚಿಸುತ್ತಿದ್ದೆ.

“ನಂಗೂ ಅರ್ಥ ಆಗ್ತಿಲ್ಲ ಕಣಪ್ಪ. ಆಗಿದ್ದಿದ್ರೆ ಇಲ್ಲೀವರೆಗೆ ಬರ್ತಿರಲಿಲ್ಲ. ಬೆಳಿಗ್ಗೆಯಿಂದ ಎಷ್ಟು ಸಲ ಹೋದೆ?”

ಆತ ಯೋಚಿಸಿದ. ಉತ್ತರ ಕೊಟ್ಟಿದ್ದು ಹೆಂಡತಿ. “ಆಸ್ಪತ್ರೆಯಿಂದ ಬಂದ್ಮೇಲೆ ಒಂದ್ಸಲಾನೂ ಎದ್ದೋಗಿಲ್ಲ ಕಣಕ್ಕ. ಎರಡ್ ಚೆಂಬು ನೀರ್ ಕುಡ್ದವ್ರೆ.”

“ನೋವು ಎಲ್ಲಿದೆ?”

“ಕಚ್ಚುದ್ ಕಡೆ ಇಲ್ಲ” ಎಂದ ಆತ. “ತೊಡೆ, ಮೀನ್ಖಂಡ. ಓಡಿದ್ನಲ್ಲ, ಅದುಕ್ಕೆ. ಯಾರೋ ಹೊಡ್ದಾಕ್ದಂಗೈತೆ.”

ಹೆಂಡತಿ ಒಳಗೆ ಹೋಗಿ ಮಾತ್ರೆಯ ಖಾಲಿ ಹಾಳೆಯೊಂದನ್ನು ತಂದು ತೋರಿಸಿದಳು. ಊರಿನ ಅಂಗಡಿಯಿಂದ ತಂದ ನೋವಿನ ಮಾತ್ರೆ. ಬಂದಾಗಿನಿಂದ ಮೂರು ನುಂಗಿದ್ದ. ನಾನು ಬಾಟಲಿ ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಗಂಡನ ಮುಖ ನೋಡಿದಳು. ಆತ ನಗುತ್ತಲೇ ಏಳಲು ಹೋದ. ತೊಡೆ ನಿಲ್ಲಲಿಲ್ಲ, ಮತ್ತೆ ಕೂತುಬಿಟ್ಟ. ಆಗ ಗೊಳ್ಳೆಂದು ನಕ್ಕಿದ್ದವನೇ ಎದ್ದು ಬಂದು ಹೆಗಲು ಕೊಟ್ಟ. ಅವನೂ ಹೆಂಡತಿಯೂ ಆತನನ್ನು ಹಿತ್ತಲಿಗೆ ನಡೆಸಿಕೊಂಡು ಹೋದರು.

ತುಂಬ ಹೊತ್ತು ಬರಲಿಲ್ಲ. ಕೊನೆಗೆ ಹೆಂಡತಿ ಮುಂದೆ ಬಂದಳು. ಬಾಟಲಿಯ ತಳದಲ್ಲಿ ಎರಡು ಬೆರಳಿನಷ್ಟಿತ್ತು. ಬೆಳಿಗ್ಗೆ ನೋಡಿದ್ದು ತೆಳು ಡಿಕಾಕ್ಷನ್. ಇದು ಕಪ್ಪು. ಬಿಸಿಲಿಗೆ ಹಿಡಿದರೆ ಮಾತ್ರ ಅಂಚಿನಲ್ಲಿ ಕೆಂಪು ಕಾಣುತ್ತಿತ್ತು.

“ಇದು ಏನಕ್ಕ?” ಎಂದಳು.

“ಗೊತ್ತಿಲ್ಲಮ್ಮ.”

ಒಳಗಿನಿಂದ ಒಂದು ಟವೆಲ್ಲು, ಒಂದು ಲುಂಗಿ ತಂದು ಚೀಲಕ್ಕೆ ತುರುಕಿದಳು. ಗಂಡ ಏನೋ ಹೇಳಹೊರಟಾಗ, “ನೀನ್ ಬಾಯ್ಮುಚ್ಕಂಡ್ ಎದ್ದೇಳು. ಅವ್ರಿಗೇ ಗೊತ್ತಾಗ್ತಿಲ್ಲ ಅಂತಾವ್ರೆ, ನಿಂಗೇನ್ ಗೊತ್ತಾಯ್ತದೆ?” ಎಂದಳು. ಜಗಲಿಯ ಮೇಲಿದ್ದ ಒಬ್ಬ ಗೂಡ್ಸ್ ಆಟೋ ತರಲು ಓಡಿದ.

ಆಸ್ಪತ್ರೆಯಲ್ಲಿ ಡಾಕ್ಟರು ಬಾಟಲಿಯನ್ನು ಕಿಟಕಿಗೆ ಹಿಡಿದು ನೋಡಿ ಇಸಿಜಿ ಮಾಡಿಸಿದರು. ಎರಡು ಕೈಗೂ ಡ್ರಿಪ್ ಹಾಕಿಸಿದರು. ಆಮೇಲೆ ತುಮಕೂರಿನ ದೊಡ್ಡ ಆಸ್ಪತ್ರೆಯೊಂದರ ಫಿಜಿಶಿಯನ್‌ಗೆ ಫೋನ್ ಮಾಡಿದರು. ಎರಡು ನಿಮಿಷ ಮಾತಾಡಿ ಫೋನನ್ನು ನನ್ನ ಕೈಗೆ ಕೊಟ್ಟರು. ವಯಸ್ಸಾದ ದನಿ.

“ಲ್ಯಾಬಿನವರಾ? ಸೀರಮ್ ಯಾವ ಬಣ್ಣ ಇದೆ?”

“ತಿಳಿ ಹಳದಿ ಸರ್.”

“ಕೆಂಪು ಕಣ?”

“ಇಲ್ಲ ಸರ್. ಪಟ್ಟಿಯಲ್ಲಿ ಮಾತ್ರ ತುಂಬ ರಕ್ತ ಬರ್ತಿದೆ. ಮೂರು ಸಲ ಮಾಡ್ದೆ. ನಂಗೆ ಅರ್ಥ ಆಗ್ತಿಲ್ಲ.”

“ಎರಡೂ ಸರಿಯಾಗೇ ಇದೆಯಮ್ಮ. ಅದು ರಕ್ತ ಅಲ್ಲ, ಸ್ನಾಯು. ಇಷ್ಟು ಹುಳ ಕಚ್ಚಿದಾಗ ವಿಷ ಸ್ನಾಯುವನ್ನ ಒಡೆದುಬಿಡುತ್ತೆ. ಸ್ನಾಯುವಿನ ಒಳಗೂ ಒಂದು ಕೆಂಪು ಪದಾರ್ಥ ಇರುತ್ತೆ, ಪಟ್ಟಿಗೆ ಅದಕ್ಕೂ ರಕ್ತಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಅದು ಹೋಗಿ ಕಿಡ್ನಿಯಲ್ಲಿ ಕಟ್ಕೊಳ್ಳುತ್ತೆ. ಅಷ್ಟು ಏರಿರೋ ಎನ್‌ಜೈಮೂ ಲಿವರಿಂದಲ್ಲ, ಸ್ನಾಯುವಿಂದಾನೇ ಬಂದಿರೋದು. ಮೊದಲನೇ ದಿನ ಏನೂ ಕಾಣಲ್ಲ. ಡಾಕ್ಟರಿಗೆ ಕೊಡಿ ಫೋನು. ಈಗ್ಲೇ ಕಳಿಸ್ಬೇಕು.”

ಐದು ಗಂಟೆಗೆ ಆಂಬುಲೆನ್ಸ್ ಹೊರಟಿತು. ಹೆಂಡತಿ ಚೀಲ ಹಿಡಿದು ಒಳಗೆ ಹತ್ತಿದಳು. ಆತ ಸ್ಟ್ರೆಚರಿನ ಮೇಲಿಂದ, “ಮೇಡಮ್ಮಾರೆ, ಬರೀ ಮೈಕೈ ನೋವಿಗೆ ತುಮಕೂರಿಗಾ?” ಎಂದ. ಆತ ಇನ್ನೂ ನಂಬಿರಲಿಲ್ಲ.

ಗಾಡಿ ಹೋದ ಮೇಲೆ ಡಾಕ್ಟರು ಮೆಟ್ಟಿಲ ಮೇಲೆ ಕೂತರು. “ನಾನು ಇದನ್ನ ಓದಿದ್ದೆ ಮೇಡಂ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದ್ರೆ ಬೆಳಿಗ್ಗೆ ಅವನು ನಗ್ತಾ ನಿಂತಿದ್ದ” ಎಂದರು. ನಾನೂ ಮೊದಲು ಪಟ್ಟಿಯನ್ನೇ ಬೈದವಳು.

ಆತ ತುಮಕೂರಿನಲ್ಲಿ ಮೂರು ವಾರ ಇದ್ದ. ಮೊದಲ ಹತ್ತು ದಿನ ಮೂತ್ರವೇ ನಿಂತುಹೋಗಿತ್ತು. ದಿನ ಬಿಟ್ಟು ದಿನ ಡಯಾಲಿಸಿಸ್. ಮುಖ ಕೈಕಾಲೆಲ್ಲ ಬಾತುಕೊಂಡು, ಒಂದು ದಿನ ಉಸಿರಾಟಕ್ಕೂ ಕಷ್ಟವಾಗಿ, ಹೆಂಡತಿ ತೋಟದ ಯಜಮಾನರ ಫೋನಿನಿಂದ ನನಗೆ ಕರೆ ಮಾಡಿ ಅತ್ತಿದ್ದಳು. ನಾನು ಕರೆದುಕೊಂಡು ಬಾರದಿದ್ದರೆ ಗಂಡ ಮನೆಯಲ್ಲೇ ಚೆನ್ನಾಗಿರುತ್ತಿದ್ದನೇನೋ ಎಂದು ಆ ದಿನ ಅವಳಿಗೆ ಅನ್ನಿಸಿತ್ತು. ಅದನ್ನು ಬಾಯಿಬಿಟ್ಟು ಹೇಳಿದಳು ಕೂಡ. ಹನ್ನೊಂದನೆಯ ದಿನ ಮೂತ್ರ ಸ್ವಲ್ಪ ಇಳಿಯಿತು, ಆಮೇಲೆ ಹೆಚ್ಚಾಯಿತು. ಡಯಾಲಿಸಿಸ್ ನಿಂತಿತು. ಎರಡು ತಿಂಗಳ ಮೇಲೆ ನನ್ನ ಕಿಟಕಿಗೆ ರಕ್ತ ಕೊಡಲು ಬಂದಾಗ ಹತ್ತು ಕೆ.ಜಿ. ಇಳಿದಿದ್ದ. ಕ್ರಿಯಾಟಿನಿನ್ ಒಂದೂಕಾಲಕ್ಕೆ ಇಳಿದಿತ್ತು. ಕಾಯಿ ಸುಲಿಯುವುದನ್ನು ಬಿಟ್ಟು ಅದೇ ತೋಟದಲ್ಲಿ ನೀರು ಬಿಡುವ ಕೆಲಸಕ್ಕೆ ಹೋಗುತ್ತಿದ್ದ. ಹೆಂಡತಿ ನನ್ನ ಮೇಜಿನ ಮೇಲೆ ನಾಲ್ಕು ಎಳನೀರು ಇಟ್ಟು ಹೋದಳು.

ಆ ಹೊತ್ತಿಗೇ ಟೀಚರೂ ಒಮ್ಮೆ ಬಂದಿದ್ದರು. ಡಾಕ್ಟರು ಅವರ ಬಿಪಿ ಮಾತ್ರೆ ಬದಲಿಸಿದ್ದರು. ಬ್ಯಾಗಿನಲ್ಲಿ ಅಡ್ರಿನಲಿನ್ ಇಟ್ಟುಕೊಂಡೇ ಓಡಾಡುತ್ತಿದ್ದರು. ಚಿಕ್ಕವರಿದ್ದಾಗ ಎರಡು ಸಲ ಜೇನು ಕಚ್ಚಿತ್ತಂತೆ, ಆಗ ಬರೀ ಊದಿಕೊಂಡಿತ್ತಂತೆ.

“ಹಾಗಾದ್ರೆ ಮೂರನೇ ಸಲ ಯಾಕೆ ಹಿಂಗಾಯ್ತು? ನಾಲ್ಕನೇ ಸಲ ಆದ್ರೆ ಏನಾಗುತ್ತೆ? ಅದನ್ನ ಹೇಳೋ ಟೆಸ್ಟ್ ನಿಮ್ಮಲ್ಲಿ ಇದೆಯಾ?” ಎಂದು ಕೇಳಿದರು.

ನಮ್ಮಲ್ಲಿ ಇರಲಿಲ್ಲ. ದೊಡ್ಡ ಊರುಗಳಲ್ಲಿ ಒಂದು ಪರೀಕ್ಷೆ ಇದೆಯಂತೆ. ಅದೂ ಹೀಗೇ ಆಗುತ್ತದೆ ಎಂದು ಖಚಿತವಾಗಿ ಹೇಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅದನ್ನೇ ಹೇಳಿದೆ. ಅವರು ತಲೆಯಾಡಿಸಿ, ದುಪಟ್ಟಾದಿಂದ ಕಿವಿ ಮುಚ್ಚಿ ಬಿಗಿಯಾಗಿ ಕಟ್ಟಿಕೊಂಡು ಸ್ಕೂಟರ್ ಹತ್ತಿದರು.

ಇಷ್ಟರ ಮೇಲೆ ಹೆಜ್ಜೇನಿನ ವಿಷಯ ನನಗೆ ಅರ್ಥವಾಯಿತು ಎಂದೇ ತಿಳಿದಿದ್ದೆ. ಒಂದು ಹುಳ ಸಾಕಾಗುವವರು ಬೇರೆ, ನೂರಾರು ಬೇಕಾಗುವವರು ಬೇರೆ. ನೂರಾರು ಕಚ್ಚಿದ್ದರೆ ಎರಡನೆಯ ದಿನ, ಮೂರನೆಯ ದಿನ ನೋಡಬೇಕು. ಅಷ್ಟು ಕಲಿತಿದ್ದೆ. ಮುಂದಿನ ಬೇಸಿಗೆಗೆ ಬೋರನಕಣಿವೆ ಕಡೆಯಿಂದ ಮಂದೆ ಹೊಡೆದುಕೊಂಡು ಬಂದಿದ್ದ ಕುರಿಗಾಹಿಯೊಬ್ಬನನ್ನು ಕರೆತಂದರು. ಅರವತ್ತು ದಾಟಿದ, ಸಣಕಲು ಮೈಯ ಮನುಷ್ಯ. ಆಲದ ಮರದ ನೆರಳಿನಲ್ಲಿ ಕುರಿ ನಿಲ್ಲಿಸಿದ್ದಾಗ ಗೂಡು ಎದ್ದಿತ್ತು. ಎರಡು ಕುರಿ ಅಲ್ಲೇ ಸತ್ತಿದ್ದವು. ಆತನ ಮೈಯಿಂದ ನಾವು ಇನ್ನೂರ ಮೂವತ್ತು ಮುಳ್ಳು ತೆಗೆದೆವು. ಅಂದರೆ ಮೊದಲಿನವನಿಗಿಂತ ಹೆಚ್ಚು, ವಯಸ್ಸಿನಲ್ಲೂ ಹಿರಿಯ, ತೂಕದಲ್ಲೂ ಕಡಿಮೆ. ಈ ಸಲ ಯಾರೂ ಮೈಮರೆಯಲಿಲ್ಲ. ಮೊದಲ ಗಂಟೆಯಿಂದಲೇ ಡ್ರಿಪ್, ಕಿಡ್ನಿಗೆ ಹೊರೆಯಾಗುವ ನೋವಿನ ಮಾತ್ರೆ ಇಲ್ಲ, ಡಾಕ್ಟರು ತುಮಕೂರಿಗೆ ಮೊದಲೇ ಹೇಳಿಟ್ಟರು.

ಐದು ದಿನ ನಾನು ಬೆಳಿಗ್ಗೆ, ಸಂಜೆ ಆತನ ಮೂತ್ರ ನೋಡಿದೆ. ಕ್ರಿಯಾಟಿನಿನ್ ದಿನಾ ನೋಡಿದೆ. ಐದೂ ದಿನ ಮೂತ್ರ ನೀರಿನ ಹಾಗೆ ತಿಳಿ. ಪಟ್ಟಿಯ ಚೌಕ ಹಳದಿಯಿಂದ ಕದಲಲಿಲ್ಲ. ಡ್ರಿಪ್ ಬೇಗ ಹಾಕಿದ್ದಕ್ಕೋ, ದಿನವಿಡೀ ಬಿಸಿಲಲ್ಲಿ ನಡೆಯುವ ಮೈಯಾದ್ದಕ್ಕೋ, ಕಂಬಳಿ ಹೊದ್ದು ಓಡದೆ ನೆಲಕ್ಕೆ ಬಿದ್ದುಕೊಂಡದ್ದಕ್ಕೋ, ಹಿಂದೆ ಎಷ್ಟೋ ಸಲ ಕಚ್ಚಿಸಿಕೊಂಡಿದ್ದಕ್ಕೋ. ಡಾಕ್ಟರನ್ನು ಕೇಳಿದೆ. ಅವರು ತುಮಕೂರಿನವರನ್ನು ಕೇಳಿದರು. ‘ಕೆಲವರಿಗೆ ಆಗುತ್ತೆ, ಕೆಲವರಿಗೆ ಆಗಲ್ಲ’ ಎಂದಷ್ಟೇ ಉತ್ತರ ಬಂತು.

ಐದನೆಯ ದಿನ ಆತ ಕಂಬಳಿ ಹೆಗಲಿಗೆ ಹಾಕಿಕೊಂಡು ಲ್ಯಾಬಿನ ಬಾಗಿಲಿಗೇ ಬಂದು ನಿಂತ. ನಾನು ಕೊನೆಯ ಪಟ್ಟಿ ಹಿಡಿದುಕೊಂಡು ಗಡಿಯಾರ ನೋಡುತ್ತಿದ್ದೆ.

“ಏನ್ ಸಿಕ್ತವ್ವ ಅದ್ರಾಗೆ?” ಎಂದ.

“ಏನೂ ಸಿಗ್ಲಿಲ್ಲ ಯಜಮಾನ್ರೆ.”

“ಸಿಗ್ದಿದ್ರೆ ಒಳ್ಳೇದಲ್ವಾ? ಮತ್ಯಾಕೆ ಮೊಕ ಹಿಂಗ್ ಮಾಡ್ಕಂಡಿದೀಯ?”

ನಾನು ಪಟ್ಟಿಯನ್ನು ಕಸದ ಡಬ್ಬಿಗೆ ಹಾಕಿದೆ. “ಬಣ್ಣ ಬದಲಾದ್ರೆ ತಕ್ಷಣ ಬರ್ಬೇಕು, ಗೊತ್ತಾಯ್ತಾ?” ಎಂದೆ.

“ಬತ್ತೀನಿ ಬುಡು” ಎಂದು ಆತ ಹೊರಟ. ರಸ್ತೆಯಾಚೆ ಆತನ ತಮ್ಮನೊಬ್ಬ ಕುರಿಗಳನ್ನು ಹಿಡಿದುಕೊಂಡು ಕಾಯುತ್ತಿದ್ದ. ಮಂದೆ ಚಿಕ್ಕನಾಯಕನಹಳ್ಳಿಯ ದಿಕ್ಕಿಗೆ ತಿರುಗಿ ಕಣ್ಮರೆಯಾಗುವವರೆಗೂ ನಾನು ಕಿಟಕಿಯ ಹತ್ತಿರ ನಿಂತೇ ಇದ್ದೆ. ಆತ ಮತ್ತೆ ಬರಲಿಲ್ಲ. ಬಣ್ಣ ಬದಲಾಗಲಿಲ್ಲವೋ, ಮಂದೆ ದೂರ ಹೋಗಿತ್ತೋ, ಅದೂ ನನಗೆ ಗೊತ್ತಾಗಲಿಲ್ಲ.